ಚೌಕದೊಳಗಿನ ವೃತ್ತ: ಅಲ್ಹಾಂಬ್ರಾ ಕೋಟೆಯಲ್ಲಿ ಐದನೆಯ ಚಾರ್ಲ್ಸನ ಅರಮನೆ

ಅರಸರು ಅರಮನೆಗಳನ್ನು ಕಟ್ಟಿಸುವುದು ವಾಸಕ್ಕಾಗಿ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಇತಿಹಾಸವನ್ನು ಅವಲೋಕಿಸಿದಾಗ, ಕಟ್ಟಿಸಿದಾತನು ಒಂದು ರಾತ್ರಿಯೂ ಮಲಗದ ಅರಮನೆಗಳು ಸಹ ಕಾಣಸಿಗುತ್ತವೆ. ಸ್ಪೇನ್ ದೇಶದ ಗ್ರನಾಡಾ ನಗರದಲ್ಲಿ, ಅಲ್ಹಾಂಬ್ರಾ ಎಂಬ ಸುಪ್ರಸಿದ್ಧ ಕೋಟೆಯ ಒಳಗೆ, ಚಕ್ರವರ್ತಿ ಐದನೆಯ ಚಾರ್ಲ್ಸನು ಕಟ್ಟಿಸಲಾರಂಭಿಸಿದ ಅರಮನೆಯು ಅಂಥವುಗಳಲ್ಲಿ ಒಂದು. ಯೂರೋಪಿನ ಪುನರುಜ್ಜೀವನ ಯುಗದ ವಾಸ್ತುಶಿಲ್ಪಕ್ಕೆ ಸ್ಪೇನಿನಲ್ಲಿ ಇದಕ್ಕಿಂತ ಶುದ್ಧವಾದ ನಿದರ್ಶನ ಮತ್ತೊಂದು ಸಿಗುವುದು ಕಷ್ಟ. ಆದರೂ ಈ ಕಟ್ಟಡವು ಸುಮಾರು ಮೂರು ಶತಮಾನಗಳ ಕಾಲ ಛಾವಣಿಯಿಲ್ಲದೆ ಮಳೆಗೂ ಬಿಸಿಲಿಗೂ ಮೈಯೊಡ್ಡಿ ನಿಂತಿತ್ತು. ಚಕ್ರವರ್ತಿಯ ಆಜ್ಞೆ, ನಿಪುಣ ವಾಸ್ತುಶಿಲ್ಪಿ, ಬೇಕಾದಷ್ಟು ಕಲ್ಲು, ಇವೆಲ್ಲ ಇದ್ದರೂ ಅದು ಏಕೆ ಪೂರ್ಣಗೊಳ್ಳಲಿಲ್ಲ? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಹೋದರೆ, ಒಂದು ಕಟ್ಟಡದ ಕಥೆಯೊಡನೆ ಒಂದು ಜನಾಂಗದ ಕಥೆಯೂ ತೆರೆದುಕೊಳ್ಳುತ್ತದೆ.

ಬೆಟ್ಟದ ಮೇಲಿನ ಕೆಂಪು ಕೋಟೆ

ಗ್ರನಾಡಾ ನಗರವು ಸ್ಪೇನಿನ ದಕ್ಷಿಣ ಭಾಗದ ಆಂಡಲೂಸಿಯಾ ಪ್ರಾಂತದಲ್ಲಿದೆ. ನಗರದ ಆಗ್ನೇಯಕ್ಕೆ ಸಿಯೆರಾ ನೆವಾಡಾ, ಅಂದರೆ 'ಹಿಮಾವೃತ ಪರ್ವತಶ್ರೇಣಿ', ತಲೆಯೆತ್ತಿ ನಿಂತಿದೆ. ಡಾರೋ ನದಿಯ ಕಣಿವೆಯ ಅಂಚಿನಲ್ಲಿ ಸಬೀಕಾ ಎಂಬ ಬೆಟ್ಟವಿದ್ದು, ಅದರ ನೆತ್ತಿಯ ಉದ್ದಕ್ಕೂ ಅಲ್ಹಾಂಬ್ರಾ ಕೋಟೆಯು ಹಬ್ಬಿಕೊಂಡಿದೆ. ಅರಬ್ಬೀ ಭಾಷೆಯಲ್ಲಿ ಈ ಹೆಸರಿಗೆ 'ಕೆಂಪಾದದ್ದು' ಎಂದು ಅರ್ಥ. ಸಂಜೆಯ ಬಿಸಿಲು ಬಿದ್ದಾಗ ಅದರ ಗೋಡೆಗಳನ್ನು ಕಣಿವೆಯ ಆಚೆಯಿಂದ ನೋಡಿದವರಿಗೆ ಈ ಹೆಸರನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಕ್ರಿ.ಶ. 711ರಲ್ಲಿ ಉತ್ತರ ಆಫ್ರಿಕದಿಂದ ಸಮುದ್ರ ದಾಟಿ ಬಂದ ಮುಸ್ಲಿಂ ಸೈನ್ಯವು ಸ್ಪೇನಿನ ಬಹುಭಾಗವನ್ನು ಗೆದ್ದುಕೊಂಡಿತು. ಇವರನ್ನೂ ಇವರ ವಂಶಜರನ್ನೂ ಯೂರೋಪಿಯನ್ನರು 'ಮೂರರು' ಎಂದು ಕರೆದರು. ಕ್ರಮೇಣ ಉತ್ತರದ ಕ್ರೈಸ್ತ ರಾಜ್ಯಗಳು ಪ್ರಬಲವಾಗಿ, 13ನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮೂರರ ಕೈಯಲ್ಲಿ ಗ್ರನಾಡಾ ರಾಜ್ಯವೊಂದೇ ಪ್ರಮುಖವಾಗಿ ಉಳಿಯಿತು. ಅದನ್ನು ಆಳಿದವರು ನಸ್ರೀದ್ ಮನೆತನದ ಸುಲ್ತಾನರು. ಈ ಮನೆತನದ ಮೂಲಪುರುಷನಾದ ಒಂದನೆಯ ಮಹಮ್ಮದನು 1238ರಲ್ಲಿ ಈ ಬೆಟ್ಟದ ಮೇಲೆ ನಿರ್ಮಾಣಕಾರ್ಯವನ್ನು ಆರಂಭಿಸಿದನು. ಡಾರೋ ನದಿಯ ನೀರನ್ನು ಮೇಲ್ಗಡೆಯಲ್ಲಿಯೇ ತಡೆದು, ಸುಮಾರು 6 ಕಿಲೋಮೀಟರ್ ಉದ್ದದ ಕಾಲುವೆಯ ಮೂಲಕ ಕೋಟೆಗೆ ತರಲಾಯಿತು. ನೀರು ಬಂದ ಮೇಲೆಯೇ ಬೆಟ್ಟದ ಮೇಲೆ ತೋಟಗಳು, ಕೊಳಗಳು, ಕಾರಂಜಿಗಳು ಸಾಧ್ಯವಾದವು.

14ನೆಯ ಶತಮಾನದಲ್ಲಿ ಒಂದನೆಯ ಯೂಸುಫ್ ಮತ್ತು ಐದನೆಯ ಮಹಮ್ಮದ್ ಎಂಬ ತಂದೆ-ಮಕ್ಕಳು ಅಲ್ಹಾಂಬ್ರಾಕ್ಕೆ ಇಂದಿನ ಕೀರ್ತಿಯನ್ನು ತಂದರು. ಹಸಿರು ಪೊದೆಗಳ ನಡುವೆ ನಿಶ್ಚಲವಾದ ಕೊಳವುಳ್ಳ ಅಂಗಳ, 12 ಕಲ್ಲಿನ ಸಿಂಹಗಳು ಬೆನ್ನಿನ ಮೇಲೆ ಹೊತ್ತ ಕಾರಂಜಿಯ ಸುತ್ತ 124 ತೆಳುಗಂಬಗಳು ನಿಂತ ಸಿಂಹಾಂಗಳ, ಗಾರೆಯಲ್ಲಿ ಜೇನುಗೂಡಿನಂತೆ ಸಾವಿರಾರು ಗೂಡುಗಳನ್ನು ಬಿಡಿಸಿದ ಒಳಮಾಳಿಗೆಗಳು ಇವರ ಕಾಲದವು. ಇಲ್ಲಿಯ ಗೋಡೆಗಳ ಮೇಲೆ 'ದೇವರ ಹೊರತು ಜಯಶಾಲಿ ಇಲ್ಲ' ಎಂಬ ಅರ್ಥದ ನಸ್ರೀದರ ಧ್ಯೇಯವಾಕ್ಯವು ಮತ್ತೆ ಮತ್ತೆ ಕೆತ್ತಲ್ಪಟ್ಟಿದೆ. ಓದುಗರು ಈ ವಾಕ್ಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

1492ರ ಜನವರಿ 2ರಂದು ಕೊನೆಯ ಸುಲ್ತಾನನು ಅಲ್ಹಾಂಬ್ರಾವನ್ನು ಫರ್ಡಿನಂಡ್ ಮತ್ತು ಇಸಬೆಲ್ಲಾ ರಾಜದಂಪತಿಗಳಿಗೆ ಒಪ್ಪಿಸಿದನು. ಇದಕ್ಕೆ ಮುಂಚೆ 1491ರ ನವೆಂಬರಿನಲ್ಲಿ ಆದ ಒಪ್ಪಂದದಲ್ಲಿ, ಸೋತ ಜನರ ಧರ್ಮ, ಆಸ್ತಿ, ನ್ಯಾಯಪದ್ಧತಿಗಳಿಗೆ ಭಂಗ ಬಾರದೆಂದು ಗೆದ್ದವರು ಮಾತು ಕೊಟ್ಟಿದ್ದರು. ಆ ಮಾತು ಹತ್ತು ವರ್ಷ ಸಹ ಬಾಳಲಿಲ್ಲ. 1499ರಿಂದ ಬಲಾತ್ಕಾರದ ಮತಾಂತರಗಳು ಆರಂಭವಾದವು. 1502ರಲ್ಲಿ ಮತಾಂತರ ಇಲ್ಲವೇ ದೇಶತ್ಯಾಗ ಎಂಬ ಆಜ್ಞೆ ಹೊರಟಿತು. ಹೀಗೆ ಕ್ರೈಸ್ತರಾದ ಮೂರರಿಗೆ 'ಮೊರಿಸ್ಕೋ'ಗಳೆಂದು ಹೆಸರಾಯಿತು.

ಚಕ್ರವರ್ತಿಯ ಆಗಮನ

ಐದನೆಯ ಚಾರ್ಲ್ಸನು ಫರ್ಡಿನಂಡ್-ಇಸಬೆಲ್ಲಾರ ಮಗಳ ಮಗ. 1500ರಲ್ಲಿ ಇಂದಿನ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಜನಿಸಿದನು. 1516ರಲ್ಲಿ ಸ್ಪೇನಿನ ಸಿಂಹಾಸನವೂ 1519ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಪದವಿಯೂ ಆತನಿಗೆ ದೊರೆತವು. 1526ರ ಮಾರ್ಚ್ ತಿಂಗಳಲ್ಲಿ ಸೆವಿಲ್ ನಗರದಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಇಸಬೆಲ್ಲಾಳನ್ನು ವರಿಸಿದ ಚಾರ್ಲ್ಸನು, ಬೇಸಗೆಯನ್ನು ಕಳೆಯಲು ಜೂನ್ ತಿಂಗಳಲ್ಲಿ ನವವಧುವಿನೊಡನೆ ಗ್ರನಾಡಾಕ್ಕೆ ಬಂದು ಡಿಸೆಂಬರಿನವರೆಗೆ ಅಲ್ಲಿ ತಂಗಿದನು.

ಅಲ್ಹಾಂಬ್ರಾದ ಚೆಲುವು ಯುವ ಚಕ್ರವರ್ತಿಯ ಮನಸ್ಸನ್ನು ಸೆರೆಹಿಡಿಯಿತು. ಆದರೆ ಒಳಮುಖವಾಗಿ, ಅಂಗಳದ ಸುತ್ತ ಕಿರುಕೋಣೆಗಳನ್ನು ಜೋಡಿಸಿದ ಸುಲ್ತಾನರ ಮನೆಗಳು, ನೂರಾರು ಪರಿವಾರದವರೊಡನೆ ಸಂಚರಿಸುವ ಯೂರೋಪಿನ ಆಸ್ಥಾನಕ್ಕೆ ಸಾಲುವಂತಿರಲಿಲ್ಲ. ಹಳೆಯ ಅರಮನೆಗಳಿಗೆ ಹೊಂದಿಕೊಂಡಂತೆಯೇ ಹೊಸದೊಂದನ್ನು ಕಟ್ಟಬೇಕೆಂದು ಚಾರ್ಲ್ಸನು ನಿಶ್ಚಯಿಸಿದನು. 1527ರಲ್ಲಿ ನಕ್ಷೆಯ ಕೆಲಸ ತೊಡಗಿತು. 1533ರಲ್ಲಿ ಕಟ್ಟಡ ಏಳಲಾರಂಭಿಸಿತು. ಅದಕ್ಕಾಗಿ ಸುಲ್ತಾನರ ಕಾಲದ ಕೆಲವು ಕಟ್ಟಡಗಳನ್ನು ಕೆಡವಲಾಯಿತು.

ಅಲ್ಹಾಂಬ್ರಾದ ಅಧಿಪತಿಯಾಗಿದ್ದ ಲೂಯಿಸ್ ಉರ್ತಾದೊ ದೆ ಮೆಂಡೋಜಾ ಎಂಬ ಸರದಾರನು ಈ ಕಾರ್ಯವನ್ನು ಪೇದ್ರೊ ಮಚೂಕಾ ಎಂಬಾತನಿಗೆ ಒಪ್ಪಿಸಿದನು. ಮಚೂಕಾ ಮೂಲತಃ ಚಿತ್ರಕಾರ. ಇಟಲಿಯಲ್ಲಿದ್ದು ಕಲಿತು, 1520ರ ಸುಮಾರಿಗೆ ಸ್ಪೇನಿಗೆ ಮರಳಿದ್ದನು. ಕುಂಚವನ್ನು ಹಿಡಿದ ಕೈ ಸಾಮ್ರಾಜ್ಯದ ಅತಿ ದೊಡ್ಡ ಕಲ್ಲಿನ ಕೆಲಸಗಳಲ್ಲಿ ಒಂದನ್ನು ಹೊತ್ತುಕೊಂಡಿತು. ಆಗ ಸ್ಪೇನಿನ ಕಟ್ಟಡಗಾರರು ಹೆಚ್ಚಾಗಿ ಚೂಪು ಕಮಾನಿನ ಗಾಥಿಕ್ ಪದ್ಧತಿಯನ್ನೂ ಬಳ್ಳಿ-ಹೂಗಳ ಕುಸುರಿ ಅಲಂಕಾರವನ್ನೂ ಮೆಚ್ಚಿಕೊಂಡಿದ್ದರು. ಮಚೂಕಾನು ಇವೆರಡನ್ನೂ ಬದಿಗಿರಿಸಿ, ಪ್ರಾಚೀನ ರೋಮಿನ ಅಳತೆ ಮತ್ತು ಪ್ರಮಾಣಗಳನ್ನು ಆಧಾರವಾಗಿಟ್ಟುಕೊಂಡ ಇಟಲಿಯ ಹೊಸ ಮಾರ್ಗವನ್ನು ಹಿಡಿದನು.

ಯಾತ್ರಿಕನ ದಾರಿ

ನಗರದಿಂದ ಕಾಲ್ನಡಿಗೆಯಲ್ಲಿ ಬೆಟ್ಟವೇರುವ ಯಾತ್ರಿಕನಿಗೆ ಅರಮನೆ ಕಾಣುವ ಮೊದಲೇ ಮಚೂಕಾನ ಪರಿಚಯವಾಗುತ್ತದೆ. ಗೋಮೆರೆಸ್ ಎಂಬ ಏರುಬೀದಿಯ ಕೊನೆಯಲ್ಲಿರುವ ಕಲ್ಲಿನ ಹೆಬ್ಬಾಗಿಲು ಆತನದೇ ವಿನ್ಯಾಸ. ಅದರ ನೆತ್ತಿಯ ಮೇಲೆ ಬಿರಿದ ಮೂರು ದಾಳಿಂಬೆ ಹಣ್ಣುಗಳನ್ನು ಕೆತ್ತಲಾಗಿದೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಗ್ರನಾಡಾ' ಎಂದರೆ ದಾಳಿಂಬೆ. ನಗರದ ಲಾಂಛನವೂ ಅದೇ. ಅಲ್ಲಿಂದ ಮುಂದೆ ದಟ್ಟವಾದ ಮರಗಳ ನೆರಳಿನಲ್ಲಿ, ಇಕ್ಕೆಲಗಳಲ್ಲಿ ಹರಿಯುವ ನೀರಿನ ಸದ್ದನ್ನು ಕೇಳುತ್ತ ಏರಿದರೆ, ಚಕ್ರವರ್ತಿಯ ಹೆಸರಿನ ಕಲ್ಲಿನ ಕಾರಂಜಿ ಎದುರಾಗುತ್ತದೆ. 1545ರ ಈ ಕಾರಂಜಿಯಲ್ಲಿ ಮೂರು ಮುಖಗಳ ಬಾಯಿಂದ ನೀರು ಸುರಿಯುತ್ತದೆ. ಅವು ಗ್ರನಾಡಾದ ಡಾರೋ, ಹೆನಿಲ್, ಬೇಯಿರೋ ಎಂಬ ಮೂರು ನದಿಗಳ ಸಂಕೇತ.

ಕಾರಂಜಿಯ ಮೇಲ್ಗಡೆ 1348ರಲ್ಲಿ ಒಂದನೆಯ ಯೂಸುಫನು ಕಟ್ಟಿಸಿದ 'ನ್ಯಾಯದ್ವಾರ'ವಿದೆ. ಹೊರಗಿನ ಕಮಾನಿನ ಮೇಲೆ ಒಂದು ಹಸ್ತ, ಒಳಗಿನ ಕಮಾನಿನ ಮೇಲೆ ಒಂದು ಬೀಗದ ಕೈ ಕೆತ್ತಲ್ಪಟ್ಟಿವೆ. ಶತ್ರುಗಳು ನೇರವಾಗಿ ನುಗ್ಗದಂತೆ ಒಳದಾರಿಯು ಹಲವು ಸಲ ತಿರುಗುತ್ತದೆ. ಕತ್ತಲೆಯ ಈ ತಿರುವುಗಳನ್ನು ದಾಟಿ ಬಯಲಿಗೆ ಬಂದ ಯಾತ್ರಿಕನ ಮುಂದೆ ಥಟ್ಟನೆ ಹೊಂಬಣ್ಣದ ಭಾರಿ ಕಲ್ಲಿನ ಗೋಡೆಯೊಂದು ಕಾಣಿಸಿಕೊಳ್ಳುತ್ತದೆ. ಮೂರರ ನಾಜೂಕಿನ ಕೆಲಸವನ್ನು ನಿರೀಕ್ಷಿಸಿ ಬಂದ ಕಣ್ಣಿಗೆ ಇದು ಅಪರಿಚಿತ. ಈ ಅರಮನೆ ಇಲ್ಲಿ ಇರಬಾರದಾಗಿತ್ತು ಎಂದು ಅನೇಕ ಪ್ರವಾಸಿಗಳು ಬರೆದಿಟ್ಟುಹೋಗಿದ್ದಾರೆ. ಅವರ ಅಸಮಾಧಾನ ಸಹಜವಾದದ್ದೇ. ಆದರೆ ತೀರ್ಪು ಕೊಡುವ ಮುನ್ನ ಕಟ್ಟಡವನ್ನು ಸಾವಧಾನವಾಗಿ ನೋಡುವುದು ವಿದ್ಯಾರ್ಥಿಯ ಕರ್ತವ್ಯ.

ಹೊರಗೆ ಚೌಕ, ಒಳಗೆ ವೃತ್ತ

ಅರಮನೆಯ ತಳವಿನ್ಯಾಸವು ಚೌಕಾಕಾರದ್ದು. ಪ್ರತಿಯೊಂದು ಪಾರ್ಶ್ವವೂ ಸುಮಾರು 63 ಮೀಟರ್ ಉದ್ದ, 17 ಮೀಟರ್ ಎತ್ತರ. ಗೋಡೆಯಲ್ಲಿ ಎರಡು ಅಂತಸ್ತುಗಳು ಸ್ಪಷ್ಟವಾಗಿ ಬೇರೆಬೇರೆಯಾಗಿ ಕಾಣುತ್ತವೆ. ಕೆಳಗಿನ ಅಂತಸ್ತಿನ ಕಲ್ಲುಗಳ ಅಂಚನ್ನು ಕೊರೆದು, ಮುಖವನ್ನು ಉಬ್ಬಾಗಿ ಒರಟಾಗಿಯೇ ಬಿಡಲಾಗಿದೆ. ಆದುದರಿಂದ ಅದು ಕೋಟೆಯ ಗೋಡೆಯಂತೆ ಗಡುಸಾಗಿ ತೋರುತ್ತದೆ. ಮೇಲಿನ ಅಂತಸ್ತು ನುಣುಪಾದ ಕಲ್ಲಿನದು. ಗೋಡೆಗಂಟಿದ ಅರೆಗಂಬಗಳೂ ಅಲಂಕೃತ ಕಿಟಕಿಗಳೂ ಅಲ್ಲಿವೆ. ಕೆಳಗಿನ ಗೋಡೆಯಲ್ಲಿ ಸಿಂಹಗಳ ಬಾಯಲ್ಲಿ ತೂಗುವ ಕಂಚಿನ ದೊಡ್ಡ ಬಳೆಗಳು ಪ್ರವಾಸಿಗಳ ಗಮನವನ್ನು ಸೆಳೆಯುತ್ತವೆ. ಪಶ್ಚಿಮ ಮತ್ತು ದಕ್ಷಿಣದ ಮುಖಗಳಿಗೆ ಮಾತ್ರ ಪೂರ್ಣ ಅಲಂಕಾರ ದೊರೆತಿದೆ. ಉತ್ತರದ ಭಾಗವು ಸುಲ್ತಾನರ ಹಳೆಯ ಅರಮನೆಗೆ ಅಂಟಿಕೊಂಡಿರುವುದರಿಂದ ಅಲ್ಲಿ ಅಂಥ ಅಲಂಕಾರಕ್ಕೆ ಎಡೆಯಿರಲಿಲ್ಲ.

ಪಶ್ಚಿಮದ ಮಹಾದ್ವಾರದ ಕಂಬಪೀಠಗಳ ಮೇಲೆ ಉಬ್ಬುಶಿಲ್ಪಗಳಿವೆ. ಕೆಲವುಗಳಲ್ಲಿ ಕುದುರೆ ಸವಾರರ ಘೋರಯುದ್ಧ. ಮತ್ತೆ ಕೆಲವುಗಳಲ್ಲಿ ಶಾಂತಿಯ ಸಂಕೇತವಾದ ಸ್ತ್ರೀಯರು ಆಯುಧಗಳ ರಾಶಿಗೆ ಬೆಂಕಿಯಿಡುತ್ತಿರುವ ದೃಶ್ಯ. ಅವರ ನಡುವೆ ಭೂಗೋಳವೂ ಎರಡು ಸ್ತಂಭಗಳೂ ಕಾಣುತ್ತವೆ. ಈ ಸ್ತಂಭಗಳು ಚಾರ್ಲ್ಸನ ಲಾಂಛನ. ಪ್ರಾಚೀನರು ಭೂಮಿಯ ಅಂಚೆಂದು ಬಗೆದಿದ್ದ ಜಿಬ್ರಾಲ್ಟರ್ ಜಲಸಂಧಿಯ ಎರಡು ಶಿಖರಗಳನ್ನು ಅವು ಸೂಚಿಸುತ್ತವೆ. ಅದರೊಡನೆ ಬರುವ ಲ್ಯಾಟಿನ್ ಧ್ಯೇಯವಾಕ್ಯ 'ಪ್ಲುಸ್ ಉಲ್ತ್ರಾ'. ಅಂದರೆ 'ಇನ್ನೂ ಆಚೆಗೆ'. ದೇವರ ಹೊರತು ಜಯಶಾಲಿ ಇಲ್ಲವೆಂದು ಸೋತವರ ಗೋಡೆ ಹೇಳುತ್ತಿದ್ದರೆ, ಕೆಲವೇ ಹೆಜ್ಜೆಗಳ ಅಂತರದಲ್ಲಿ ಗೆದ್ದವರ ಗೋಡೆಯು ಗೆಲುವಿಗೆ ಎಲ್ಲೆಯೇ ಇಲ್ಲವೆನ್ನುತ್ತದೆ. ಎರಡು ಗೋಡೆಗಳ ಈ ಸಂವಾದವನ್ನು ಕೇಳದೆ ಹಿಂದಿರುಗಿದ ಯಾತ್ರಿಕನು ಅಲ್ಹಾಂಬ್ರಾವನ್ನು ಅರ್ಧ ಮಾತ್ರ ನೋಡಿದಂತೆ.

ಮಹಾದ್ವಾರವನ್ನು ದಾಟಿ, ಮೊಗಸಾಲೆಯ ಮೂಲಕ ಒಳಹೊಕ್ಕಾಗ ಮತ್ತೊಂದು ಆಶ್ಚರ್ಯ ಕಾದಿದೆ. ಚೌಕಾಕಾರದ ಕಟ್ಟಡದ ಹೊಟ್ಟೆಯಲ್ಲಿ ಚೌಕದ ಅಂಗಳವನ್ನು ನಿರೀಕ್ಷಿಸುವುದು ವಾಡಿಕೆ. ಇಲ್ಲಿರುವುದಾದರೋ ಸುಮಾರು 30 ಮೀಟರ್ ವ್ಯಾಸದ ಸಂಪೂರ್ಣ ವೃತ್ತ. ಅದರ ಸುತ್ತಲೂ ಕೆಳಗೆ 32, ಮೇಲೆ 32 ಕಂಬಗಳ ಎರಡು ಅಂತಸ್ತಿನ ಪಡಸಾಲೆ. ಕೆಳಗಿನ ಕಂಬಗಳು ಸರಳವಾದ ಬೋದಿಗೆಯ ಡೋರಿಕ್ ಮಾದರಿಯವು. ಮೇಲಿನವು ಸುರುಳಿ ಬೋದಿಗೆಯ ಅಯೋನಿಕ್ ಮಾದರಿಯವು. ನದಿಯ ಉರುಟುಗಲ್ಲುಗಳು ಒಟ್ಟಿಗೆ ಬೆಸೆದುಕೊಂಡಂತಿರುವ ಮಿಶ್ರಶಿಲೆಯಿಂದ ಇವನ್ನು ಮಾಡಲಾಗಿದೆ. ಹತ್ತಿರ ನಿಂತು ನೋಡಿದರೆ ಕಂಬದ ತುಂಬ ಬಾದಾಮಿಗಳನ್ನು ಹುದುಗಿಸಿದಂತೆ ತೋರುತ್ತದೆ. ಇಂಥ ವೃತ್ತಾಕಾರದ ಅಂಗಳಗಳನ್ನು ರೋಮಿನಲ್ಲಿ ಬ್ರಮಾಂಟೆ, ರಾಫೆಲ್ ಮೊದಲಾದವರು ಕಲ್ಪಿಸಿದ್ದರು. ಆದರೆ ಅವರ ಯೋಜನೆಗಳು ಪೂರ್ಣವಾಗಿ ಸಿದ್ಧಿಸಲಿಲ್ಲ. ಇಟಲಿಯ ಮಹಾಶಿಲ್ಪಿಗಳ ಕನಸು ಇಟಲಿಯ ಹೊರಗೆ, ಮೂರರ ಬೆಟ್ಟದ ಮೇಲೆ, ಕಲ್ಲಿನಲ್ಲಿ ನಿಂತಿತು.

ಕಲ್ಲಿನ ಉಂಗುರದ ಬಲ

ಈ ಪಡಸಾಲೆಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ವಿಶೇಷವಿದೆ. ಕೆಳ ಅಂತಸ್ತಿನ ಪಡಸಾಲೆಗೆ ಮರದ ಮಾಳಿಗೆಯಿಲ್ಲ. ಅರ್ಧ ಕೊಳವೆಯಂತೆ ಬಾಗಿದ ಕಲ್ಲಿನ ಕಮಾನು-ಮಾಳಿಗೆಯು ಉಂಗುರಾಕಾರವಾಗಿ ಸುತ್ತಿಬಂದಿದೆ. ಕಲ್ಲಿನ ಕಮಾನು ಕೇವಲ ಕೆಳಕ್ಕೆ ಭಾರ ಹಾಕುವುದಿಲ್ಲ; ತನ್ನ ಎರಡೂ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಹೊರಗಡೆಯ ತಳ್ಳುವಿಕೆಯನ್ನು ದಪ್ಪ ಗೋಡೆ ತಡೆದುಕೊಳ್ಳುತ್ತದೆ. ಆದರೆ ಅಂಗಳದ ಕಡೆಗೆ ಇರುವುದು ಬಿಡಿಬಿಡಿಯಾಗಿ ನಿಂತ ಕಂಬಗಳು ಮಾತ್ರ. ಅವು ಅಂಗಳದೊಳಕ್ಕೆ ಉರುಳಬೇಕಾಗಿತ್ತಲ್ಲವೇ?

ಉರುಳದಂತೆ ತಡೆದಿರುವುದು ಕಂಬಗಳ ತಲೆಯ ಮೇಲೆ ವೃತ್ತಾಕಾರವಾಗಿ ಹಾದುಹೋಗುವ ಕಲ್ಲಿನ ತೊಲೆಸಾಲು. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಳ್ಳಿಯ ದುಂಡುಬಾವಿಯ ಒಳಗಿನ ಕಲ್ಲುಕಟ್ಟಡವನ್ನು ನೆನೆದರೆ ಸಾಕು. ಸುತ್ತಲ ಮಣ್ಣು ಎಲ್ಲ ದಿಕ್ಕುಗಳಿಂದಲೂ ಒಳಕ್ಕೆ ಒತ್ತುತ್ತದೆ. ಆದರೆ ಪ್ರತಿಯೊಂದು ಕಲ್ಲೂ ಪಕ್ಕದ ಕಲ್ಲಿಗೆ ಒತ್ತಿಕೊಳ್ಳುವುದರಿಂದ ಯಾವುದೂ ಒಳಗೆ ಬೀಳುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಅವು ಬಿಗಿಯಾಗುತ್ತವೆ. ಅಲ್ಹಾಂಬ್ರಾದ ಅಂಗಳದಲ್ಲಿಯೂ ಮಾಳಿಗೆಯ ಒತ್ತಡವು ತೊಲೆಗಳ ಉಂಗುರವನ್ನು ಒಳಕ್ಕೆ ಒತ್ತಿ, ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಅಂಗಳವು ಚೌಕವಾಗಿದ್ದರೆ ಈ ಉಪಾಯವು ಫಲಿಸುತ್ತಿರಲಿಲ್ಲ. ಚೆಲುವಿಗೆಂದು ಆರಿಸಿದ ವೃತ್ತವೇ ಕಟ್ಟಡದ ಬಲವೂ ಆಗಿದೆ.

ಪೇದ್ರೊ ಮಚೂಕಾ ಇದನ್ನು ಕಣ್ಣಾರೆ ಕಾಣಲಿಲ್ಲ. ಆತ 1550ರಲ್ಲಿ ತೀರಿಕೊಂಡನು. ಮಗ ಲೂಯಿಸ್ ಮಚೂಕಾ ಕೆಲಸವನ್ನು ಮುಂದುವರಿಸಿ, 1568ರ ಹೊತ್ತಿಗೆ ಅಂಗಳದ ಕೆಳಗಿನ ಉಂಗುರವನ್ನು ಮುಗಿಸಿದನು. ಆ ವರ್ಷವೇ ಉಳಿಯ ಸದ್ದು ನಿಂತುಹೋಯಿತು.

ಹಣ ಯಾರದು?

ಅರಮನೆಯ ವೆಚ್ಚದ ಬಹುಭಾಗ ಬಂದದ್ದು ಮೊರಿಸ್ಕೋಗಳು ತೆತ್ತ ತೆರಿಗೆಯಿಂದ. ಆ ತೆರಿಗೆ ಹುಟ್ಟಿದ ಬಗೆ ಹೀಗಿದೆ. ಚಾರ್ಲ್ಸನು ಗ್ರನಾಡಾದಲ್ಲಿದ್ದಾಗಲೇ, 1526ರ ಡಿಸೆಂಬರಿನಲ್ಲಿ, ಅರಬ್ಬೀ ಭಾಷೆ, ಮೂರರ ಉಡುಪು, ಅವರ ಸ್ನಾನಗೃಹಗಳು ಮುಂತಾದವನ್ನು ನಿಷೇಧಿಸುವ ಶಾಸನ ಸಿದ್ಧವಾಯಿತು. ಮೊರಿಸ್ಕೋಗಳು ಭಾರಿ ಮೊತ್ತವನ್ನು ಕೊಡಲೊಪ್ಪಿ, ಆ ನಿಷೇಧವು ಜಾರಿಗೆ ಬಾರದಂತೆ ಮಾಡಿಕೊಂಡರು. ಹೀಗೆ ಸುಮಾರು 40 ವರ್ಷಗಳ ಅವಧಿ ದೊರೆಯಿತು. ತಾಯಿಯಿಂದ ಕಲಿತ ನುಡಿಯನ್ನು ಆಡುವುದಕ್ಕಾಗಿ, ಅಜ್ಜಿ ತೊಟ್ಟ ಉಡುಪನ್ನು ತೊಡುವುದಕ್ಕಾಗಿ ಒಂದು ಜನಾಂಗವು ಬೆಲೆ ತೆತ್ತಿತು; ಆ ಬೆಲೆ ಕಲ್ಲಾಗಿ, ಕಂಬವಾಗಿ, ಬೋದಿಗೆಯಾಗಿ ಬೆಟ್ಟದ ಮೇಲೆ ಎದ್ದಿತು.

ಚಾರ್ಲ್ಸನ ಮಗ ಎರಡನೆಯ ಫಿಲಿಪನ ಕಾಲದಲ್ಲಿ, 1567ರ ಜನವರಿ 1ರಂದು, ಹಳೆಯ ನಿಷೇಧವನ್ನು ಇನ್ನೂ ಕಠೋರವಾಗಿ ಘೋಷಿಸಲಾಯಿತು. ಮೂರು ವರ್ಷಗಳೊಳಗೆ ಎಲ್ಲರೂ ಅರಬ್ಬೀಯನ್ನು ಬಿಟ್ಟು ಕ್ಯಾಸ್ಟಿಲಿಯನ್ ಭಾಷೆಯನ್ನು ಆಡಬೇಕೆಂಬುದು ಅದರ ಒಂದು ಅಂಶ. ಆಗ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೇ ಎಂಬ ವೃದ್ಧ ಮೊರಿಸ್ಕೋ ಮುಖಂಡನು ಗ್ರನಾಡಾದ ಉಚ್ಚ ನ್ಯಾಯಸ್ಥಾನದ ಅಧ್ಯಕ್ಷನಿಗೆ ಒಂದು ಮನವಿಯನ್ನು ಸಲ್ಲಿಸಿದನು. ಉಡುಪು ಆಯಾ ಪ್ರಾಂತದ ರೂಢಿಯೇ ಹೊರತು ಧರ್ಮದ ಗುರುತಲ್ಲ. ಪೂರ್ವದೇಶಗಳಲ್ಲಿ ಮತ್ತು ಮಾಲ್ಟಾ ದ್ವೀಪದಲ್ಲಿ ಅರಬ್ಬೀ ನುಡಿಯುವ ಕ್ರೈಸ್ತರೇ ಇದ್ದಾರೆ. ಮುದುಕರು ಈ ವಯಸ್ಸಿನಲ್ಲಿ ಹೊಸ ಭಾಷೆಯನ್ನು ಕಲಿಯುವುದು ಅಸಾಧ್ಯ. ಇವು ಆತನ ವಾದದ ಸಾರ. ತರ್ಕಬದ್ಧವೂ ವಿನಯಪೂರ್ಣವೂ ಆದ ಆ ಮನವಿಗೆ ಮನ್ನಣೆ ದೊರೆಯಲಿಲ್ಲ.

1568ರ ಕ್ರಿಸ್‌ಮಸ್ ಸಮಯದಲ್ಲಿ ಸಿಯೆರಾ ನೆವಾಡಾದ ತಪ್ಪಲಿನ ಆಲ್ಪುಹಾರಾ ಪ್ರದೇಶದಲ್ಲಿ ಬಂಡಾಯವೆದ್ದಿತು. ಎರಡೂ ಪಕ್ಷಗಳಿಂದ ಕ್ರೂರಕೃತ್ಯಗಳು ನಡೆದವು. ಚಾರ್ಲ್ಸನ ಮತ್ತೊಬ್ಬ ಮಗನಾದ ಡಾನ್ ಜಾನನ ಸೈನ್ಯವು 1571ರ ಹೊತ್ತಿಗೆ ಅದನ್ನು ಅಡಗಿಸಿತು. ಗ್ರನಾಡಾ ರಾಜ್ಯದ ಮೊರಿಸ್ಕೋಗಳನ್ನು ಹತ್ತಾರು ಸಾವಿರ ಸಂಖ್ಯೆಯಲ್ಲಿ ಎಬ್ಬಿಸಿ, ದೂರದ ಪ್ರಾಂತಗಳಿಗೆ ನಡೆಸಿಕೊಂಡು ಹೋಗಿ ಚೆದರಿಸಲಾಯಿತು. 1609ರಿಂದ 1614ರ ಅವಧಿಯಲ್ಲಿ ಸ್ಪೇನ್ ದೇಶದಿಂದಲೇ ಸುಮಾರು 3 ಲಕ್ಷ ಮೊರಿಸ್ಕೋಗಳನ್ನು ಹೊರಗಟ್ಟಲಾಯಿತು.

ಛಾವಣಿಯಿಲ್ಲದ ಅರಮನೆ

ತೆರಿಗೆ ತೆರುವವರೇ ಇಲ್ಲವಾದ ಮೇಲೆ ತೆರಿಗೆ ಎಲ್ಲಿಯದು? ಅರಮನೆಯ ಆದಾಯದ ಬುಗ್ಗೆ ಬತ್ತಿತು. ಹಲವು ವರ್ಷಗಳ ಅನಂತರ ಬೇರೆ ಮೂಲಗಳಿಂದ ಹಣ ಹೊಂದಿಸಿ ಕೆಲಸವನ್ನು ಪುನಃ ಆರಂಭಿಸಲಾಯಿತು. ಅಂಗಳದ ಮೇಲಿನ ಉಂಗುರವೂ ಎದ್ದಿತು. ಆದರೆ ಮೊದಲಿನ ವೇಗ ಮರಳಲಿಲ್ಲ. ರಾಜಧಾನಿಯಾದ ಮ್ಯಾಡ್ರಿಡ್ಡಿನ ದೊರೆಗಳಿಗೆ ದೂರದ ಗ್ರನಾಡಾದ ಮೇಲೆ ಆಸಕ್ತಿಯೂ ಉಳಿಯಲಿಲ್ಲ. 1637ರಲ್ಲಿ ಕೆಲಸವನ್ನು ಕೈಬಿಡಲಾಯಿತು. ಗೋಡೆಗಳು ನಿಂತಿದ್ದವು, ಛಾವಣಿ ಮಾತ್ರ ಏರಲಿಲ್ಲ. ಕಟ್ಟಿಸಲಾರಂಭಿಸಿದ ಚಾರ್ಲ್ಸನಾದರೂ 1526ರ ಡಿಸೆಂಬರಿನಲ್ಲಿ ಗ್ರನಾಡಾವನ್ನು ಬಿಟ್ಟವನು ಮತ್ತೆ ಅಲ್ಲಿಗೆ ಬರಲೇ ಇಲ್ಲ. 1558ರಲ್ಲಿ ಯುಸ್ತೆಯ ಸಂನ್ಯಾಸಿಮಠದ ಆವರಣದಲ್ಲಿದ್ದ ಸಣ್ಣ ಮನೆಯಲ್ಲಿ ಆತನ ಜೀವನ ಮುಗಿಯಿತು.

20ನೆಯ ಶತಮಾನದಲ್ಲಿ ಅರಮನೆಗೆ ಮರುಜೀವ ಬಂದಿತು. 1923ರಿಂದ 1936ರವರೆಗೆ ಅಲ್ಹಾಂಬ್ರಾದ ವಾಸ್ತುಶಿಲ್ಪಿಯಾಗಿದ್ದ ಲಿಯೊಪೋಲ್ಡೊ ಟೋರೆಸ್ ಬಲ್ಬಾಸನು ಈ ಕಟ್ಟಡವನ್ನು ಪೂರ್ಣಗೊಳಿಸಿ ಉಪಯೋಗಕ್ಕೆ ತರುವ ಕಾರ್ಯವನ್ನು ಕೈಗೆತ್ತಿಕೊಂಡನು. ಆತನ ಅನಂತರದವರು ಅದನ್ನು ಮುಂದುವರಿಸಿದರು. 1958ರಲ್ಲಿ ಮೇಲಿನ ಅಂತಸ್ತಿನಲ್ಲಿ ಗ್ರನಾಡಾದ ಲಲಿತಕಲಾ ವಸ್ತುಸಂಗ್ರಹಾಲಯವು ತೆರೆಯಿತು. 1984ರಲ್ಲಿ ಯುನೆಸ್ಕೋ ಸಂಸ್ಥೆಯು ಅಲ್ಹಾಂಬ್ರಾವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಎರಡು ಅರಮನೆಗಳು, ಎರಡು ದೃಷ್ಟಿಗಳು

ಸುಲ್ತಾನರ ಅರಮನೆಯನ್ನೂ ಚಕ್ರವರ್ತಿಯ ಅರಮನೆಯನ್ನೂ ಒಂದೇ ದಿನ ನೋಡುವ ಯಾತ್ರಿಕನಿಗೆ ಅವುಗಳ ಭೇದವು ಸ್ಪಷ್ಟವಾಗುತ್ತದೆ. ಮೊದಲನೆಯದು ಹೊರಗೆ ಸಾದಾ ಗೋಡೆ. ಚೆಲುವೆಲ್ಲ ಒಳಗೆ ಅಡಗಿದೆ. ಎರಡನೆಯದು ತನ್ನ ವೈಭವವನ್ನು ಬೀದಿಗೆ ಮುಖಮಾಡಿ ತೋರುತ್ತದೆ. ಮೊದಲನೆಯದರಲ್ಲಿ ಇಟ್ಟಿಗೆ, ಮರ, ಗಾರೆಗಳಂಥ ಸಾಧಾರಣ ವಸ್ತುಗಳನ್ನು ಕುಶಲಕರ್ಮಿಗಳ ಕೈಚಳಕವು ಅಸಾಧಾರಣವಾಗಿಸಿದೆ. ಎರಡನೆಯದರಲ್ಲಿ ಕಲ್ಲಿನ ತೂಕವೂ ಅಳತೆಯ ಕರಾರುವಾಕ್ಕುತನವೂ ಮಾತನಾಡುತ್ತವೆ. ಅಲ್ಲಿ ನೀರು ಕಟ್ಟಡದ ಅಂಗವಾಗಿ ಕೋಣೆಯೊಳಗೂ ಹರಿಯುತ್ತದೆ. ಇಲ್ಲಿಯ ಅಂಗಳದಲ್ಲಿ ನೀರಿಲ್ಲ, ಗಿಡವಿಲ್ಲ. ಕಲ್ಲುಹಾಸು ಮತ್ತು ಆಕಾಶ ಮಾತ್ರ ಇವೆ.

ಮೂರರ ಅರಮನೆಗಳಿಗೆ ಚಾರ್ಲ್ಸನಿಂದ ಹಾನಿಯಾಯಿತೆಂಬುದು ನಿಜ. ಹಾಗೆಯೇ ಇನ್ನೊಂದು ಮಾತೂ ನಿಜ. ಅಲ್ಹಾಂಬ್ರಾವನ್ನು ರಾಜಗೃಹವಾಗಿ ಉಳಿಸಿಕೊಂಡದ್ದರಿಂದ ಅದರ ದುರಸ್ತಿಯ ಹೊಣೆ ಅರಸೊತ್ತಿಗೆಯ ಮೇಲೆ ಬಿದ್ದಿತು. ಹಳೆಯ ಕೋಣೆಗಳು ನೆಲಸಮವಾಗದೆ ಉಳಿದವು. ಹಾಳುಮಾಡಿದ ಕೈಯೇ ಉಳಿಸಿದ ಕೈಯೂ ಆಗಿರುವುದು ಇತಿಹಾಸದಲ್ಲಿ ಅಪರೂಪವೇನಲ್ಲ.

ಇಂದಿನ ಯಾತ್ರಿಕನಿಗೆ

ಇಂದು ಸುಲ್ತಾನರ ಅರಮನೆಗಳನ್ನು ನೋಡಲು ಗೊತ್ತಾದ ವೇಳೆಯ ಚೀಟಿ ಬೇಕು. ಜನಸಂದಣಿ ಹೆಚ್ಚಾಗಿರುವುದರಿಂದ ಅದನ್ನು ಮುಂಚಿತವಾಗಿಯೇ ಪಡೆಯುವುದು ಲೇಸು. ಚಾರ್ಲ್ಸನ ಅರಮನೆಯ ಅಂಗಳಕ್ಕಾದರೋ ಪ್ರವೇಶಧನವಿಲ್ಲ. ಅವಸರದ ಪ್ರವಾಸಿಗಳು ಅಂಗಳವನ್ನು ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ಆದರೆ ಅಂಗಳದ ನಟ್ಟನಡುವೆ ಒಂದು ಕ್ಷಣ ನಿಲ್ಲುವುದು ಒಳಿತು. ಎತ್ತ ತಿರುಗಿದರೂ ಕಂಬಗಳು ಸಮಾನ ದೂರದಲ್ಲಿವೆ. ತಲೆಯೆತ್ತಿದರೆ ಆಕಾಶವು ದುಂಡಾಗಿ ಕಾಣುತ್ತದೆ. ಅಲ್ಲಿ ಆಡಿದ ಮಾತು ಸುತ್ತಲ ಗೋಡೆಗಳಿಂದ ಮರಳಿ ಬರುತ್ತದೆ. 1952ರಲ್ಲಿ ಆರಂಭವಾದ ಗ್ರನಾಡಾದ ಅಂತರರಾಷ್ಟ್ರೀಯ ಸಂಗೀತ-ನೃತ್ಯೋತ್ಸವದ ಕಛೇರಿಗಳು ಈ ಅಂಗಳದಲ್ಲಿ ನಡೆಯುವುದುಂಟು.

ಕೆಳ ಅಂತಸ್ತಿನಲ್ಲಿ ಅಲ್ಹಾಂಬ್ರಾ ವಸ್ತುಸಂಗ್ರಹಾಲಯವಿದೆ. ನಸ್ರೀದರ ಕಾಲದ ಬಾಗಿಲುಗಳು, ಬಣ್ಣದ ಬಿಲ್ಲೆಗಳು, ಗಾರೆಯ ಕೆತ್ತನೆಗಳು, ಪಾತ್ರೆಗಳು ಅಲ್ಲಿವೆ. ಅವುಗಳಲ್ಲಿ 'ಜಿಂಕೆಗಳ ಹೂಜಿ' ಎಂದು ಹೆಸರಾದ 14ನೆಯ ಶತಮಾನದ ಮಣ್ಣಿನ ಪಾತ್ರೆಯು ಪ್ರಸಿದ್ಧ. ಮನುಷ್ಯನ ಎದೆಯ ಮಟ್ಟಕ್ಕೆ ಬರುವಷ್ಟು ಎತ್ತರ. ನೀಲಿ-ಹೊಂಬಣ್ಣಗಳ ನಡುವೆ ಎದುರುಬದುರಾಗಿ ನಿಂತ ಜಿಂಕೆಗಳು. ಒಂದು ಕೈಹಿಡಿ ಇದೆ, ಇನ್ನೊಂದು ಮುರಿದುಹೋಗಿದೆ.

ಉಪಸಂಹಾರ

ಈ ಅರಮನೆಯನ್ನು ಹೇಗೆ ನೋಡಬೇಕು? ಅದರ ಚೆಲುವನ್ನು ಮಾತ್ರ ಕಂಡು ಮೈಮರೆತವನಿಗೆ, ಅದಕ್ಕೆ ಬೆಲೆ ತೆತ್ತವರ ಅಳಲು ಕೇಳಿಸುವುದಿಲ್ಲ. ಅದರ ಹಿಂದಿನ ಅನ್ಯಾಯವನ್ನು ಮಾತ್ರ ನೆನೆದು ಮುಖ ತಿರುಗಿಸಿದವನಿಗೆ, ಮಚೂಕಾನ ಪ್ರತಿಭೆಯೂ ಹೆಸರಿಲ್ಲದ ಕಲ್ಲುಕುಟಿಗರ ಶ್ರಮವೂ ಕಾಣಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದುಕೊಳ್ಳುವುದು ಸುಲಭವಲ್ಲ. ಆದರೆ ಇತಿಹಾಸದ ಅಧ್ಯಯನವು ಕಲಿಸಬೇಕಾದದ್ದು ಅದನ್ನೇ. ಚಕ್ರವರ್ತಿಯು ಕೊಟ್ಟ ಅವಧಿಯನ್ನು ಆತನ ಮಗನ ಸರ್ಕಾರವು ಮುಂದುವರಿಸಿದ್ದರೆ ಅರಮನೆಗೆ ಛಾವಣಿ ಏರುತ್ತಿತ್ತೋ ಏನೋ. ಒಂದು ಜನಾಂಗದ ನುಡಿಯನ್ನು ಕಿತ್ತುಕೊಳ್ಳಲು ಹೊರಟದ್ದರಿಂದ ಅರಸೊತ್ತಿಗೆಯು ತನ್ನ ಮನೆಯ ಮಾಡನ್ನೇ ಕಳೆದುಕೊಂಡಿತು.

ಗೆಲುವಿನ ಗುರುತಾಗಿ ಎದ್ದ ಗೋಡೆಗಳ ಒಳಗೆ ಇಂದು ಸೋತವರ ಹೂಜಿಯನ್ನು ಜೋಪಾನವಾಗಿ ಇರಿಸಲಾಗಿದೆ. ಅರಸನಿಲ್ಲ, ಸುಲ್ತಾನನಿಲ್ಲ, ಒಬ್ಬನ ಕಲ್ಲು ಮತ್ತೊಬ್ಬನ ಮಣ್ಣನ್ನು ಕಾಯುತ್ತಿದೆ.